ಮಕ್ಕಳ ಜೊತೆ ಇರಲು ವಿದೇಶಕ್ಕೆ ಹೊರಟಿದ್ದೀರಾ? ಅಲ್ಲಿನ ಆಸ್ಪತ್ರೆ ಬಿಲ್ ಕಟ್ಟುವ ವಿಮೆ ಯಾವುದು, ತಿಳಿದುಕೊಂಡು ಹೊರಡಿ

ತೋಟ ಗುತ್ತಿಗೆಗೆ ಕೊಟ್ಟು, ಮನೆಯ ಕೀಲಿಕೈ ಪಕ್ಕದವರ ಕೈಗಿಟ್ಟು ಅಮೆರಿಕಕ್ಕೋ ಕೆನಡಾಕ್ಕೋ ಹೊರಡುವ ಅಪ್ಪ-ಅಮ್ಮಂದಿರು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಈಗ ಊರಿಗೊಬ್ಬರು ಸಿಗುತ್ತಾರೆ. ನಿವೃತ್ತ ಮಾಸ್ತರರು, ಬ್ಯಾಂಕಿನಲ್ಲಿದ್ದವರು, ಅಂಗಡಿ ತಮ್ಮನಿಗೆ ಬಿಟ್ಟುಕೊಟ್ಟವರು, ಹೀಗೆ. ಅಪ್ಪೆಮಿಡಿ ಉಪ್ಪಿನಕಾಯಿ ಸೋರದ ಹಾಗೆ ಪ್ಯಾಕ್ ಮಾಡುವುದು ಹೇಗೆ ಅನ್ನುವ ತನಕ ಎಲ್ಲ ವಿಚಾರಣೆ ನಡೆಯುತ್ತದೆ. ಅಲ್ಲಿ ಹೋದಮೇಲೆ ಎದೆನೋವು ಬಂದರೆ ದುಡ್ಡು ಯಾರು ಕಟ್ಟುತ್ತಾರೆ ಅನ್ನುವ ಪ್ರಶ್ನೆ ಮಾತ್ರ ಏಳುವುದು ವಿಮಾನ ಹತ್ತುವ ವಾರ.

ಆ ವಾರದಲ್ಲಿ ಯಾರೋ ಏಜೆಂಟರು ಕೊಟ್ಟ ಪಾಲಿಸಿಗೆ ಸಹಿ ಹಾಕಿ ಹೋಗುವವರೇ ಹೆಚ್ಚು. ಒಳಗೆ ಏನು ಬರೆದಿದೆ ಅಂತ ಗೊತ್ತಾಗುವುದು ಆಸ್ಪತ್ರೆಯಲ್ಲಿ. ಹಾಗಾಗಿ ಈ ವಿವರ.

ಮೊದಲು ಒಂದು ತಪ್ಪು ತಿಳಿವಳಿಕೆ

"ಮಗನ ಕಂಪನಿಯ ಇನ್ಶೂರೆನ್ಸ್ ಇದೆಯಲ್ಲ" ಅನ್ನುವ ಮಾತು ಬಹಳ ಕೇಳಿಬರುತ್ತದೆ. ಮಗ ಬೆಂಗಳೂರಿನ ಕಂಪನಿಯಲ್ಲಿದ್ದಾಗ ಅದು ನಿಜವಿರಬಹುದು. ನಮ್ಮಲ್ಲಿ ಎಷ್ಟೋ ಕಂಪನಿಗಳ ಗ್ರೂಪ್ ಪಾಲಿಸಿಗೆ ನೌಕರರ ತಂದೆ-ತಾಯಿಯನ್ನೂ ಸೇರಿಸುತ್ತಾರೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ ಕಂಪನಿ ವಿಮೆ ಸಾಮಾನ್ಯವಾಗಿ ನೌಕರ, ಗಂಡ ಅಥವಾ ಹೆಂಡತಿ, 26 ವರ್ಷದೊಳಗಿನ ಮಕ್ಕಳು, ಇಷ್ಟಕ್ಕೇ ನಿಲ್ಲುತ್ತದೆ. ಅಪ್ಪ-ಅಮ್ಮ ಅದರಲ್ಲಿ ಬರುವುದಿಲ್ಲ.

ಇನ್ನೊಂದು ಪೆಟ್ಟು ಇದೇ ಜಾಗದಲ್ಲಿದೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ವಿದೇಶದಲ್ಲಿ ಬೇರೆ ಕೆಲಸಕ್ಕೆ ಸೇರಿದರೆ ಇಲ್ಲಿನ ಗ್ರೂಪ್ ಪಾಲಿಸಿಯಲ್ಲಿದ್ದ ನಿಮ್ಮ ರಕ್ಷಣೆಯೂ ಅಲ್ಲಿಗೇ ಮುಗಿಯುತ್ತದೆ. ಆಗ ಅತ್ತ ವಿದೇಶದ್ದೂ ಇಲ್ಲ, ಇತ್ತ ಊರಿನದ್ದೂ ಇಲ್ಲ. ಮಗ ರಾಜೀನಾಮೆ ಕೊಡುವ ಮುಂಚೆಯೇ ಅದೇ ವಿಮಾ ಕಂಪನಿಯಲ್ಲಿ ಗ್ರೂಪ್ ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬೇಕು. ಒಪ್ಪಿಕೊಂಡರೆ ಅಷ್ಟು ವರ್ಷ ಕಾದದ್ದು ವೇಟಿಂಗ್ ಪೀರಿಯಡ್ ಲೆಕ್ಕದಲ್ಲಿ ಸಿಗುತ್ತದೆ. ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಆಯುಷ್ಮಾನ್ ಕಾರ್ಡ್, ಸೊಸೈಟಿ ಮೂಲಕ ಮಾಡಿಸಿದ ಯಶಸ್ವಿನಿ, ಇಲ್ಲಿ ಕಟ್ಟುತ್ತಿರುವ ಸಾಮಾನ್ಯ ಮೆಡಿಕ್ಲೇಮ್ ಇವು ಯಾವುವೂ ವಿದೇಶದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ವಿದೇಶದ ಚಿಕಿತ್ಸೆಯನ್ನೂ ಸೇರಿಸಿದ ದುಬಾರಿ ಪಾಲಿಸಿಗಳು ಕೆಲವು ಇವೆ. ನಿಮ್ಮದು ಅಂಥದ್ದೇ ಅಂತ ಏಜೆಂಟ್ ಹೇಳಿದರೆ ಪಾಲಿಸಿ ಕಾಗದದಲ್ಲಿ ಆ ಸಾಲು ಎಲ್ಲಿದೆ ಅಂತ ತೋರಿಸಲು ಹೇಳಿ.

ಅಮೆರಿಕ: ಸಂದರ್ಶಕರಾಗಿ ಹೋಗುವವರು

ವಿಸಿಟರ್ ವೀಸಾದಲ್ಲಿ ಹೋಗುವವರಿಗೆ ವಿಮೆ ಕಡ್ಡಾಯ ಅಲ್ಲ. ಅಪಾಯ ಇರುವುದೇ ಅಲ್ಲಿ. ಯಾರೂ ಕೇಳುವುದಿಲ್ಲ, ಹಾಗಾಗಿ ಮಾಡಿಸದೆ ಹೋಗುವವರೂ ಇದ್ದಾರೆ. ಅಲ್ಲಿನ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಜೀವ ಸ್ಥಿರವಾಗುವ ತನಕ ನೋಡಲೇಬೇಕು. ಆದರೆ ಬಿಲ್ ಮನೆಗೆ ಬರುತ್ತದೆ. ಹೃದಯದ ಚಿಕಿತ್ಸೆ, ಒಂದು ವಾರ ಐಸಿಯು ಅಂದರೆ ಆ ಬಿಲ್ ಸುಲಭವಾಗಿ ಲಕ್ಷ ಡಾಲರ್ ಹತ್ತಿರ ಹೋಗುತ್ತದೆ. ರೂಪಾಯಿ ಲೆಕ್ಕದಲ್ಲಿ ಒಂದು ಒಳ್ಳೆಯ ತೋಟದ ಬೆಲೆ.

ವಿಮೆ ಎರಡು ಕಡೆ ಸಿಗುತ್ತದೆ. ಒಂದು, ಇಲ್ಲಿನ ಕಂಪನಿಗಳ ಓವರ್‌ಸೀಸ್ ಟ್ರಾವೆಲ್ ಪಾಲಿಸಿ. ಇದನ್ನು ಭಾರತದಿಂದ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಒಂದು ಪ್ರವಾಸಕ್ಕೆ 180 ದಿನದ ಮಿತಿ ಇರುತ್ತದೆ. ಎಪ್ಪತ್ತು ದಾಟಿದವರಿಗೆ ಪ್ರೀಮಿಯಂ ಏರುತ್ತದೆ, ವಿಮಾ ಮೊತ್ತ ಇಳಿಯುತ್ತದೆ. ಇನ್ನೊಂದು, ಅಮೆರಿಕದ ಕಂಪನಿಗಳ ವಿಸಿಟರ್ ಇನ್ಶೂರೆನ್ಸ್. ಇದನ್ನು ಮಕ್ಕಳು ಅಲ್ಲಿಂದಲೇ ಆನ್‌ಲೈನಿನಲ್ಲಿ ಮಾಡಿಸುತ್ತಾರೆ.

ಅಮೆರಿಕದ್ದರಲ್ಲಿ ಫಿಕ್ಸೆಡ್ ಮತ್ತು ಕಾಂಪ್ರೆಹೆನ್ಸಿವ್ ಅಂತ ಎರಡು ಜಾತಿ. ಫಿಕ್ಸೆಡ್‌ನಲ್ಲಿ ಒಂದೊಂದು ಸೇವೆಗೂ ಇಷ್ಟೇ ಡಾಲರ್ ಅಂತ ಪಟ್ಟಿ ಇರುತ್ತದೆ. ಬಿಲ್ ಎಷ್ಟೇ ಬರಲಿ, ಕೊಡುವುದು ಪಟ್ಟಿಯಲ್ಲಿ ಇದ್ದಷ್ಟೇ, ಉಳಿದದ್ದು ನಿಮ್ಮ ಮಗನ ತಲೆಗೆ. ಪ್ರೀಮಿಯಂ ಕಡಿಮೆ ಅಂತ ಹೆಚ್ಚು ಜನ ತೆಗೆದುಕೊಳ್ಳುವುದೂ ಇದನ್ನೇ. ಕಾಂಪ್ರೆಹೆನ್ಸಿವ್‌ನಲ್ಲಿ ಮೊದಲು ನೀವು ಕಟ್ಟುವ ಒಂದು ಮೊತ್ತ, ಅಂದರೆ ಡಿಡಕ್ಟಿಬಲ್, ಕಳೆದಮೇಲೆ ವಿಮಾ ಮೊತ್ತದ ಮಿತಿಯೊಳಗೆ ಬಿಲ್ಲಿನ ದೊಡ್ಡ ಪಾಲನ್ನು ಕಂಪನಿ ಕೊಡುತ್ತದೆ. ಅಮೆರಿಕಕ್ಕೆ ಹೋಗುವ ಅರವತ್ತು ದಾಟಿದವರಿಗೆ ಫಿಕ್ಸೆಡ್ ಪ್ಲಾನ್ ತೆಗೆದುಕೊಂಡು ಉಳಿಸುವ ದುಡ್ಡು ಉಳಿತಾಯವೇ ಅಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಬಿಪಿ, ಶುಗರ್ ಇದ್ದವರು ಇದನ್ನು ಎರಡು ಸಲ ಓದಿ

ನಮ್ಮ ಕಡೆ ಅರವತ್ತೈದು ದಾಟಿ ಬಿಪಿ ಮಾತ್ರೆ ನುಂಗದವರು ಎಷ್ಟು ಜನ? ವಿಸಿಟರ್ ಇನ್ಶೂರೆನ್ಸ್‌ಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಚಿಕಿತ್ಸಾ ವೆಚ್ಚ ಸಿಗುವುದಿಲ್ಲ. ಕೆಲವು ಪಾಲಿಸಿಗಳು "ಹಳೆಯ ಕಾಯಿಲೆ ಹಠಾತ್ತಾಗಿ ಉಲ್ಬಣಿಸಿದರೆ" ಅನ್ನುವ ಷರತ್ತಿನ ಮೇಲೆ ಕೊಡುತ್ತವೆ. ಅಂದರೆ ಬಿಪಿ ಇದ್ದವರಿಗೆ ಮುನ್ಸೂಚನೆಯೇ ಇಲ್ಲದೆ ಪಾರ್ಶ್ವವಾಯು ಹೊಡೆದರೆ, ಇಷ್ಟು ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ, ಕೊಡಬಹುದು. ಎರಡು ವಾರದಿಂದ ಎದೆ ಭಾರ ಅನ್ನಿಸುತ್ತಿತ್ತು ಅಂತ ಡಾಕ್ಟರ ಮುಂದೆ ಹೇಳಿದರೆ ಅದು ಹಠಾತ್ ಅನ್ನಿಸಿಕೊಳ್ಳುವುದಿಲ್ಲ. ಈ ಸೌಲಭ್ಯಕ್ಕೂ ವಯಸ್ಸಿನ ಮಿತಿ ಇದೆ, ಕೆಲವದರಲ್ಲಿ ಎಪ್ಪತ್ತಕ್ಕೇ ನಿಲ್ಲುತ್ತದೆ. ಮಾಮೂಲಿ ತಪಾಸಣೆ, ಮಾತ್ರೆ, ಡಯಾಲಿಸಿಸ್, ಮೊದಲೇ ನಿಗದಿಯಾದ ಆಪರೇಷನ್ ಯಾವುದೂ ಇದರಲ್ಲಿ ಬರುವುದಿಲ್ಲ.

ಹಾಗಂತ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. ದೊಡ್ಡ ಕ್ಲೇಮ್ ಬಂದಾಗ ಕಂಪನಿಯವರು ಹಳೆಯ ದಾಖಲೆ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಮೊದಲ ದಿನ ನೀವೇ ಹೇಳಿ ಬರೆಸಿದ "ಹತ್ತು ವರ್ಷದಿಂದ ಶುಗರ್ ಇದೆ" ಅನ್ನುವ ಒಂದು ಸಾಲು ಸಾಕು.

ಗ್ರೀನ್ ಕಾರ್ಡ್ ಸಿಕ್ಕವರು

ಮಗನೋ ಮಗಳೋ ಅಮೆರಿಕದ ಪೌರರಾಗಿ ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದರೆ ಲೆಕ್ಕ ಬೇರೆ. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆ. ಆದರೆ ಅದು ಹೋದ ತಕ್ಷಣ ಸಿಗುವುದಿಲ್ಲ. ಅಲ್ಲಿ ದುಡಿಯದೆ ಇದ್ದವರು ಗ್ರೀನ್ ಕಾರ್ಡಿನ ಮೇಲೆ ಸತತ 5 ವರ್ಷ ಅಲ್ಲೇ ವಾಸ ಮಾಡಿರಬೇಕು. ಮಧ್ಯೆ ಅಡಿಕೆ ಕೊಯ್ಲಿಗೆ ಅಂತ ಬಂದು ಊರಲ್ಲೇ ವರ್ಷಗಟ್ಟಲೆ ಉಳಿದುಬಿಟ್ಟರೆ "ಸತತ" ಅನ್ನುವುದಕ್ಕೇ ಪ್ರಶ್ನೆ ಬರುತ್ತದೆ.

ಐದು ವರ್ಷದ ಮೇಲೂ ಅದು ಪುಕ್ಕಟೆ ಅಲ್ಲ. ಮೆಡಿಕೇರ್‌ನ ಆಸ್ಪತ್ರೆ ಭಾಗ ಪ್ರೀಮಿಯಂ ಇಲ್ಲದೆ ಸಿಗುವುದು ಸುಮಾರು ಹತ್ತು ವರ್ಷ ಅಲ್ಲಿ ದುಡಿದು ತೆರಿಗೆ ಕಟ್ಟಿದವರಿಗೆ, ಇಲ್ಲವೇ ಅವರ ಸಂಗಾತಿಗೆ. ಮಗ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದರೂ ಅದು ಅಪ್ಪನ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವುದಾದರೆ 2025ರಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರರ ಭಾಗಕ್ಕೆ 185 ಡಾಲರ್ ಇತ್ತು. ಒಬ್ಬರಿಗೆ 703 ಡಾಲರ್, ಗಂಡ-ಹೆಂಡತಿ ಇಬ್ಬರಿಗೆ ಅದರ ಎರಡರಷ್ಟು. ಪ್ರತಿವರ್ಷ ದರ ಬದಲಾಗುತ್ತದೆ.

ಮೊದಲ ಐದು ವರ್ಷ ಏನು ಮಾಡುವುದು? ಒಬಾಮಾ ಕಾಲದಲ್ಲಿ ಬಂದ ಕಾನೂನಿನ ಅಡಿ ನಡೆಯುವ ಹೆಲ್ತ್ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಗ್ರೀನ್ ಕಾರ್ಡಿನವರು ಪಾಲಿಸಿ ಕೊಳ್ಳಬಹುದು. ಇದರ ದೊಡ್ಡ ಗುಣ ಏನೆಂದರೆ ಶುಗರ್ ಇದೆ, ಸ್ಟೆಂಟ್ ಹಾಕಿದೆ ಅಂತ ಯಾರನ್ನೂ ತಿರಸ್ಕರಿಸುವ ಹಾಗಿಲ್ಲ, ಹಳೆಯ ಕಾಯಿಲೆಗೂ ಮೊದಲ ದಿನದಿಂದ ಚಿಕಿತ್ಸೆ. ಆದರೆ ಗ್ರೀನ್ ಕಾರ್ಡ್ ಸಿಕ್ಕ 60 ದಿನದೊಳಗೆ ಸೇರಬೇಕು. ಆ ಗಡುವು ತಪ್ಪಿದರೆ ನವೆಂಬರಿನಲ್ಲಿ ಶುರುವಾಗುವ ವಾರ್ಷಿಕ ನೋಂದಣಿಯ ತನಕ ಕಾಯಬೇಕು. ವಯಸ್ಸಾದಷ್ಟೂ ಪ್ರೀಮಿಯಂ ಹೆಚ್ಚು. ಸಬ್ಸಿಡಿ ಇದೆ, ಆದರೆ ಮಗ ತನ್ನ ತೆರಿಗೆ ಲೆಕ್ಕದಲ್ಲಿ ನಿಮ್ಮನ್ನು ಅವಲಂಬಿತರು ಅಂತ ತೋರಿಸಿದ್ದರೆ ಅವನ ಆದಾಯವೇ ಲೆಕ್ಕಕ್ಕೆ ಬರುವುದರಿಂದ ಸಾಫ್ಟ್‌ವೇರ್ ಸಂಬಳದವರ ಮನೆಗಳಿಗೆ ಅದು ಸಿಗುವುದು ಕಷ್ಟ. ಈ ಲೆಕ್ಕವನ್ನು ಮಗ ಅಲ್ಲಿನ ತೆರಿಗೆ ಸಲಹೆಗಾರರ ಹತ್ತಿರ ಮೊದಲೇ ಮಾಡಿಸಿಕೊಳ್ಳಲಿ.

ಕೆನಡಾ: ನಿಯಮ ಗಟ್ಟಿ, ಗೊಂದಲ ಕಡಿಮೆ

ಕೆನಡಾದ ಸೂಪರ್ ವೀಸಾದಲ್ಲಿ ಅಪ್ಪ-ಅಮ್ಮ ಒಂದು ಸಲಕ್ಕೆ 5 ವರ್ಷದ ತನಕ ಇರಬಹುದು. ಆದರೆ ವಿಮೆ ಇಲ್ಲದೆ ವೀಸಾವೇ ಇಲ್ಲ. ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ್ದು, ಅಲ್ಲಿಗೆ ಕಾಲಿಟ್ಟ ದಿನದಿಂದ ಕನಿಷ್ಠ ಒಂದು ವರ್ಷ ನಡೆಯುವಂಥದ್ದು, ಆಸ್ಪತ್ರೆ ಖರ್ಚಿನ ಜೊತೆ ವಾಪಸ್ ಸ್ವದೇಶಕ್ಕೆ ಕಳಿಸುವ ಖರ್ಚನ್ನೂ ಭರಿಸುವಂಥದ್ದು ಇರಬೇಕು. ಬರೀ ಕೊಟೇಶನ್ ತೋರಿಸಿದರೆ ನಡೆಯುವುದಿಲ್ಲ, ದುಡ್ಡು ಕಟ್ಟಿದ ಪುರಾವೆ ಬೇಕು. ಮೊದಲು ಕೆನಡಾದ ಕಂಪನಿಯ ವಿಮೆಯೇ ಆಗಬೇಕಿತ್ತು. 2025ರ ಜನವರಿಯಿಂದ ಕೆನಡಾ ಸರ್ಕಾರ ಮಾನ್ಯ ಮಾಡಿದ ಹೊರದೇಶದ ಕಂಪನಿಗಳದ್ದೂ ನಡೆಯುತ್ತದೆ. ಕೊಳ್ಳುವ ಮುಂಚೆ ಆ ಕಂಪನಿಗೆ ಮಾನ್ಯತೆ ಇದೆಯೇ ಅಂತ ಖಚಿತ ಮಾಡಿಕೊಳ್ಳಿ.

ಕೆನಡಾ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೂ ದುಡ್ಡು ಸಿಗುವ ದಾರಿ ಇದೆ. ಕಾಯಿಲೆ ಇಷ್ಟು ದಿನದಿಂದ, ಪಾಲಿಸಿ ನೋಡಿಕೊಂಡು 90 ಅಥವಾ 180 ದಿನದಿಂದ, ಸ್ಥಿರವಾಗಿರಬೇಕು ಅನ್ನುವುದು ಷರತ್ತು. ಇಲ್ಲೊಂದು ಸೂಕ್ಷ್ಮ ಇದೆ. ಬಿಪಿ ಮಾತ್ರೆಯ ಡೋಸ್ ಬದಲಾದರೂ "ಸ್ಥಿರ" ಅಲ್ಲ ಅಂತ ಹಿಡಿಯುವ ಪಾಲಿಸಿಗಳೇ ಹೆಚ್ಚು. ಡೋಸ್ ಕಡಿಮೆ ಮಾಡಿದ್ದರೂ ಅಷ್ಟೇ. ಹೊರಡುವ ಮುಂಚೆ ಒಮ್ಮೆ ಡಾಕ್ಟರರಿಗೆ ತೋರಿಸಿ ಬರೋಣ ಅಂತ ಹೋಗಿ ಮಾತ್ರೆ ಬದಲಾಯಿಸಿಕೊಂಡು ಬಂದರೆ ಅದೇ ದಿನದಿಂದ ಎಣಿಕೆ ಮತ್ತೆ ಶುರು. ಬೇಕಾದ ಚಿಕಿತ್ಸೆ ಮುಂದೂಡಿ ಅಂತ ಇದರ ಅರ್ಥವಲ್ಲ. ತಪಾಸಣೆಯನ್ನು ಪ್ರಯಾಣಕ್ಕೆ ಆರೇಳು ತಿಂಗಳ ಮುಂಚೆಯೇ ಮುಗಿಸಿಕೊಳ್ಳಿ.

ಬ್ರಿಟನ್, ಆಸ್ಟ್ರೇಲಿಯಾ, ದುಬೈ

ಬ್ರಿಟನ್ನಿಗೆ ಸಂದರ್ಶಕರಾಗಿ ಹೋದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಪುಕ್ಕಟೆ ಅಂತ ಊರಲ್ಲಿ ನಂಬಿಕೆ ಇದೆ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ದುಡ್ಡಿಲ್ಲ, ನಿಜ. ಅಡ್ಮಿಟ್ ಆದರೆ ಮಾತ್ರ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್. 500 ಪೌಂಡಿಗಿಂತ ಹೆಚ್ಚು ಬಾಕಿ ಉಳಿಸಿ ಬಂದರೆ ಮುಂದಿನ ವೀಸಾಕ್ಕೆ ತೊಂದರೆಯಾಗಬಹುದು. ಆರು ತಿಂಗಳಿಗಿಂತ ದೀರ್ಘ ವೀಸಾದವರು ವೀಸಾ ಶುಲ್ಕದ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್ ಕಟ್ಟುತ್ತಾರೆ, ಅವರಿಗೆ ಅಲ್ಲಿನವರ ಹಾಗೆಯೇ ಚಿಕಿತ್ಸೆ. ಸಂದರ್ಶಕರಿಗೆ ಆ ದಾರಿ ಇಲ್ಲ, ಟ್ರಾವೆಲ್ ಪಾಲಿಸಿಯೇ ಗತಿ.

ಆಸ್ಟ್ರೇಲಿಯಾದ ಸರ್ಕಾರಿ ವಿಮೆಗೂ ಮೆಡಿಕೇರ್ ಅಂತಲೇ ಹೆಸರು. ಕೆಲವು ದೇಶಗಳ ಜೊತೆ ಅವರಿಗೆ ಪರಸ್ಪರ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ. 3 ಅಥವಾ 5 ವರ್ಷದ ತಾತ್ಕಾಲಿಕ ಪೇರೆಂಟ್ ವೀಸಾದವರು ಖಾಸಗಿ ವಿಮೆ ಇಟ್ಟುಕೊಳ್ಳಲೇಬೇಕು. ಕಾಯಂ ಪೇರೆಂಟ್ ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ವರ್ಷಗಳಲ್ಲೂ ಮೆಡಿಕೇರ್ ಸಿಗುವುದಿಲ್ಲ, ವೀಸಾ ಕೈಗೆ ಬಂದಮೇಲಷ್ಟೇ.

ಭಟ್ಕಳ, ಹೊನ್ನಾವರ ಕಡೆಯವರಿಗೆ ದುಬೈ ಗೊತ್ತಿದ್ದದ್ದೇ. ಅಲ್ಲಿ ಮಗ ಸ್ಪಾನ್ಸರ್ ಮಾಡಿ ಅಪ್ಪ-ಅಮ್ಮನನ್ನು ಕರೆಸಿಕೊಂಡರೆ ವಿಮೆ ಮಾಡಿಸುವುದು ಅವನದೇ ಕರ್ತವ್ಯ. ಮಾತ್ರೆ ವಿಷಯದಲ್ಲಿ ಮಾತ್ರ ಎಚ್ಚರ. ಮಂಡಿನೋವಿಗೆ ಇಲ್ಲಿ ಬರೆದುಕೊಡುವ ಟ್ರಾಮಡಾಲ್, ಕೋಡೀನ್ ಇರುವ ಔಷಧಿಗಳು ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಮುಂಗಡ ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಒಯ್ದರೆ ವಿಮಾನ ನಿಲ್ದಾಣದಲ್ಲೇ ಪಜೀತಿ.

ಊರಿನ ಪಾಲಿಸಿ ನಿಲ್ಲಿಸಬೇಡಿ

"ಹೇಗೂ ಇಲ್ಲಿ ಇರುವುದಿಲ್ಲವಲ್ಲ, ಸುಮ್ಮನೆ ಯಾಕೆ ಕಟ್ಟುವುದು" ಅಂತ ಇಲ್ಲಿನ ಮೆಡಿಕ್ಲೇಮ್ ಬಿಟ್ಟು ಹೋದವರು ಎರಡು-ಮೂರು ವರ್ಷಕ್ಕೆ ಚಳಿ ತಾಳಲಾರದೆಯೋ, ಮಾತನಾಡಲು ಜನ ಇಲ್ಲದೆಯೋ ವಾಪಸ್ ಬಂದದ್ದುಂಟು. ಆಗ ಮತ್ತೆ ಹೊಸ ಪಾಲಿಸಿ ಕೇಳಿದರೆ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಬರೀ ವಯಸ್ಸಿನ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಆದರೆ ಹಳೆಯ ಕಾಯಿಲೆಗೆ 3 ವರ್ಷದ ತನಕ ಕಾಯಬೇಕಾಗಬಹುದು. ಆರೋಗ್ಯ ನೋಡಿ ಕಂಪನಿ ನಿರಾಕರಿಸಲೂಬಹುದು. ಐದು ವರ್ಷ ಬಿಡದೆ ಕಟ್ಟಿದ ಪಾಲಿಸಿಗೆ ಇರುವ ರಕ್ಷಣೆಯೂ ಹೋಗುತ್ತದೆ. ವಂಚನೆ ಸಾಬೀತಾದ ಹೊರತು ಕಾಯಿಲೆ ಮುಚ್ಚಿಟ್ಟಿರಿ ಅಂತ ಅಂಥ ಪಾಲಿಸಿಯ ಕ್ಲೇಮ್ ತಿರಸ್ಕರಿಸುವ ಹಾಗಿಲ್ಲ.

ಅದೂ ಅಲ್ಲದೆ, ದೊಡ್ಡ ಆಪರೇಷನ್ ಬೇಕಾದಾಗ ಟಿಕೆಟ್ ತೆಗೆದುಕೊಂಡು ಹುಬ್ಬಳ್ಳಿಗೋ ಮಂಗಳೂರಿಗೋ ಬಂದು ಮಾಡಿಸಿಕೊಳ್ಳುವವರು ಬೇಕಾದಷ್ಟು ಜನ. ಆಗ ಕೈ ಹಿಡಿಯುವುದು ಈ ಪಾಲಿಸಿಯೇ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ವಿಮಾ ಪ್ರಾಧಿಕಾರದ ಜೊತೆ ಮೊದಲು ಚರ್ಚಿಸಬೇಕು. ನವೀಕರಣದ ದಿನ ನೆನಪಿರುವುದಿಲ್ಲ ಅನ್ನುವವರು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಮಾಡಿಸಿಡಿ. ಇಲ್ಲಿನ ಮೊಬೈಲ್ ನಂಬರ್ ಬಂದ್ ಆಗದಂತೆ ರೀಚಾರ್ಜ್ ಮಾಡಿಸುತ್ತಿರಿ. ಕಂಪನಿಯ ಎಸ್ಎಂಎಸ್, ಒಟಿಪಿ ಬರುವುದು ಅದಕ್ಕೇ. ಪಾಲಿಸಿ ತಪ್ಪಿಹೋಗುವುದೂ ಹೆಚ್ಚಾಗಿ ಇದೇ ಕಾರಣಕ್ಕೆ.

ಬ್ಯಾಗಿಗೆ ಹಾಕುವ ಮುನ್ನ

ಮಾತ್ರೆ ಚೀಟಿಯನ್ನು ಡಾಕ್ಟರರ ಹತ್ತಿರ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನಲ್ಲಿ ಬರೆಸಿಕೊಳ್ಳಿ. ನಮ್ಮ ಮೆಡಿಕಲ್ ಶಾಪಿನ ಬ್ರ್ಯಾಂಡ್ ಹೆಸರು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳಿಗಾಗುವಷ್ಟು ಮಾತ್ರೆ, ಮೂಲ ಸ್ಟ್ರಿಪ್‌ನಲ್ಲೇ, ಕೈಚೀಲದಲ್ಲಿರಲಿ. ಹಳೆಯ ಇಸಿಜಿ, ಎಕೋ, ಶುಗರ್ ರಿಪೋರ್ಟ್‌ಗಳ ಫೋಟೊ ಮಗನ ಫೋನಿಗೆ ಮೊದಲೇ ಕಳಿಸಿಡಿ. ಹಲ್ಲು, ಕನ್ನಡಕ, ಪೊರೆಯ ಕೆಲಸ ಇದ್ದರೆ ಇಲ್ಲೇ ಮುಗಿಸಿ. ಇವು ವಿಸಿಟರ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಪಾಲಿಸಿಯಲ್ಲಿ ಪಾರ್ಥಿವ ಶರೀರ ಊರಿಗೆ ತರುವ ಖರ್ಚು ಎಷ್ಟು ಡಾಲರ್ ತನಕ ಇದೆ ಅಂತಲೂ ನೋಡಿಕೊಳ್ಳಿ. ಈ ಮಾತು ಮಕ್ಕಳು ಅಪ್ಪ-ಅಮ್ಮನ ಹತ್ತಿರ ಎತ್ತುವುದಿಲ್ಲ, ಎತ್ತಲು ಮನಸ್ಸೂ ಬರುವುದಿಲ್ಲ. ಹಾಗಾಗಿ ಹಿರಿಯರೇ ಕೇಳಿಬಿಡುವುದು ಒಳ್ಳೆಯದು. ವಿಮಾ ಕಾರ್ಡಿನ ಹಿಂದಿರುವ 24 ತಾಸಿನ ಸಹಾಯವಾಣಿ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಲ್ಲಿನ ಮನೆಯ ಫ್ರಿಜ್ ಮೇಲೆ ಅಂಟಿಸಿಡಿ. ಮಗ-ಸೊಸೆ ಆಫೀಸಿಗೆ ಹೋದ ಹೊತ್ತಿನಲ್ಲಿ, ಮನೆಯಲ್ಲಿ ನೀವಿಬ್ಬರೇ ಇರುವಾಗ ಬೇಕಾಗುವುದು ಅದೇ. ಆಸ್ಪತ್ರೆಗೆ ಸೇರಿದ ಮೇಲೆ ಎಷ್ಟು ತಾಸಿನೊಳಗೆ ಆ ನಂಬರಿಗೆ ತಿಳಿಸಬೇಕು ಅನ್ನುವುದನ್ನೂ ಚೀಟಿಯಲ್ಲೇ ಬರೆದಿಡಿ.