ಸಿಲಿಕೋನ್ ಅಚ್ಚಿನಲ್ಲಿ ಇಡ್ಲಿ, ಕೇಕು

ಇಲ್ಲಿ ಅಮೆರಿಕದ ಅಂಗಡಿಗಳಲ್ಲಿ ಸಿಗುವ, ರಬ್ಬರಿನಂತೆ ಬಾಗುವ ಬಣ್ಣಬಣ್ಣದ ಮಫಿನ್ ಅಚ್ಚುಗಳು ನಮ್ಮ ಅಡುಗೆಮನೆಗಳಿಗೂ ಬಂದಿವೆ. "ಇದು ಪ್ಲಾಸ್ಟಿಕ್ ಅಲ್ವಾ, ಮಕ್ಕಳ ತಿಂಡಿಗೆ ಬಳಸಬಹುದಾ?" ಎಂಬ ಅನುಮಾನ ಸಹಜ.

ಪ್ಲಾಸ್ಟಿಕ್ಕಿನ ಬೆನ್ನೆಲುಬು ಇಂಗಾಲ. ಸಿಲಿಕೋನಿನದು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. (ಕಂಪ್ಯೂಟರ್ ಚಿಪ್ಪಿನ ಸಿಲಿಕಾನೇ, ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಹತ್ತಿರದ ನೆಂಟ!) ಹಾಗಾಗಿ ಓವನ್ನಿನ ಬಿಸಿಗೆ ಅದು ಕರಗುವುದಿಲ್ಲ. ಆದರೆ ಮಿತಿಯುಂಟು. ಸಾಮಾನ್ಯವಾಗಿ 428 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 220 ಸೆಲ್ಸಿಯಸ್ ಆಸುಪಾಸು. ಕೊಂಡ ಅಚ್ಚಿನ ಡಬ್ಬದ ಮೇಲೆ ಓದಿಕೊಳ್ಳಿ. 350 ಡಿಗ್ರಿಯ ಕೇಕಿಗೆ ತೊಂದರೆಯಿಲ್ಲ. ಬ್ರಾಯ್ಲರ್ ಕೆಳಗೆ, ಒಲೆಯ ಉರಿಯ ಮೇಲೆ ಖಂಡಿತ ಬೇಡ.

ಹೊಸ ಅಚ್ಚು ಬಿಸಿಯಾದಾಗ ಅದರಲ್ಲಿ ಉಳಿದ ಸಣ್ಣ ಸಿಲಾಕ್ಸೇನ್ ಅಣುಗಳು ಹೊರಬರುತ್ತವೆ, ಜಿಡ್ಡಿನ ತಿಂಡಿಗೆ ಸುಲಭವಾಗಿ ಸೇರುತ್ತವೆ. ಆದ್ದರಿಂದ ಮೊದಲು ಸೋಪಿನಲ್ಲಿ ತೊಳೆದು, ಕಿಟಕಿ ತೆರೆದಿಟ್ಟು, ಖಾಲಿ ಅಚ್ಚನ್ನು ಮಿತಿಯೊಳಗಿನ ಬಿಸಿಯಲ್ಲಿ ಒಂದು ಗಂಟೆ ಓವನ್ನಿನಲ್ಲಿಡಿ. ಆಮೇಲೂ ಘಾಟು ವಾಸನೆ ಬಂದರೆ ಅಂಗಡಿಗೆ ವಾಪಸ್ ಕೊಡುವುದೇ ಸರಿ.

ಇಡ್ಲಿಗೆ ಈ ಚಿಂತೆ ಕಡಿಮೆ, ಹಬೆಯ ಬಿಸಿ 212 ಡಿಗ್ರಿಯಷ್ಟೇ. ಅಚ್ಚುಗಳನ್ನು ತೂತಿನ ತಟ್ಟೆಯ ಮೇಲಿಟ್ಟು, ವೆಯ್ಟ್ ಹಾಕದ ಕುಕ್ಕರಿನಲ್ಲಿ ಬೇಯಿಸಿ. ಸಿಲಿಕೋನ್ ಲೋಹದಷ್ಟು ಬೇಗ ಬಿಸಿ ಸಾಗಿಸದು. ಮೂರ್ನಾಲ್ಕು ನಿಮಿಷ ಹೆಚ್ಚು ಬೇಕಾದೀತು. ಆರಿದ ಮೇಲೆ ತಳ ಒತ್ತಿದರೆ ಇಡ್ಲಿ ಇಡಿಯಾಗಿ ಆಚೆ! ಇದೇ ಕಾರಣಕ್ಕೆ ಕೇಕಿನ ಅಂಚು ಅಷ್ಟಾಗಿ ಕೆಂಪಾಗುವುದಿಲ್ಲ. ಗರಿಗರಿ ಬೇಕಾದ ಖಾರಾ ಬಿಸ್ಕತ್ತಿಗೆ ಹಳೆಯ ಲೋಹದ ಟ್ರೇಯೇ ವಾಸಿ.

ಅಚ್ಚಿನೊಳಗೆ ಚಾಕು ಆಡಿಸಬೇಡಿ. ಎಣ್ಣೆ ಸ್ಪ್ರೇಯ ಅಂಟು ಉಳಿದರೆ ಅಡುಗೆ ಸೋಡಾ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರಿನಲ್ಲಿ ತೊಳೆಯಿರಿ.