ಬಟ್ಟಲಿನ ಪಕ್ಕದ ತಟ್ಟೆ

ಹನೋಯ್‌ನ ಓಣಿಯ ಫೊ ಅಂಗಡಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರೆ ಮುಂದೆ ಬರುವುದು ಒಂದೇ ಬಟ್ಟಲು. ತಿಳಿಯಾದ ಬಿಸಿ ಸಾರು, ಅಕ್ಕಿಯ ಎಳೆ, ದನದ ಮಾಂಸದ ತೆಳು ಚೂರು, ಮೇಲೆ ಈರುಳ್ಳಿ ಸೊಪ್ಪು. ಸೈಗಾನ್‌ನಲ್ಲಿ ಅದನ್ನೇ ಕೇಳಿದರೆ ಜತೆಗೊಂದು ತಟ್ಟೆ ಬರುತ್ತದೆ. ಅದರ ತುಂಬ ಸೋಂಪಿನ ಘಮದ ತುಳಸಿ ಜಾತಿಯ ಎಲೆ, ಮೊಳಕೆ ಕಾಳು, ನಿಂಬೆ ಹೋಳು, ಹಸಿಮೆಣಸು. ಪಕ್ಕದಲ್ಲಿ ಸಿಹಿಯಾದ ಹೋಯ್ಸಿನ್ ಸಾಸ್. ಕ್ಯಾಲಿಫೋರ್ನಿಯಾಕ್ಕೆ ಹೋದರೆ ಆ ತಟ್ಟೆಯ ಬಳಿ ಹಸಿರು ಮುಚ್ಚಳದ ಕೆಂಪು ಬಾಟಲಿಯೂ ಇರುತ್ತದೆ. ಮೂರೂ ಕಡೆ ತಿನಿಸಿನ ಹೆಸರು ಒಂದೇ. ಬಟ್ಟಲಿನ ಸುತ್ತ ಸೇರಿಕೊಂಡ ಈ ಸಾಮಾನುಗಳಲ್ಲಿ ಜನ ಊರು ಬಿಟ್ಟು ಹೋದ ಲೆಕ್ಕವಿದೆ.

ಫೊ ಬಹಳ ಹಳೆಯ ಅಡುಗೆಯಲ್ಲ. ಅದು ರೂಪುಗೊಂಡದ್ದು ಇಪ್ಪತ್ತನೇ ಶತಮಾನದ ಆರಂಭದ ಆಸುಪಾಸಿನಲ್ಲಿ, ಹನೋಯ್ ಮತ್ತು ಅದರ ದಕ್ಷಿಣಕ್ಕಿರುವ ನಾಮ್ ದಿನ್ ಸೀಮೆಯಲ್ಲಿ. ವಿಯೆಟ್ನಾಂ ರೈತರಿಗೆ ಎತ್ತು, ಕೋಣ ಉಳುವುದಕ್ಕೆ ಬೇಕಾದವು. ಅವುಗಳ ಮಾಂಸ ನಿತ್ಯದ ಊಟವಾಗಿರಲಿಲ್ಲ. ದನದ ಮಾಂಸ ಕೇಳಿದವರು ಆಳಲು ಬಂದ ಫ್ರೆಂಚರು. ಅವರು ಒಳ್ಳೆಯ ತುಂಡುಗಳನ್ನು ಒಯ್ದ ಮೇಲೆ ಮೂಳೆ ಅಗ್ಗಕ್ಕೆ ಸಿಗತೊಡಗಿತು. ಚೀನೀ ಮತ್ತು ವಿಯೆಟ್ನಾಮಿ ವ್ಯಾಪಾರಿಗಳು ಆ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ, ಸುಟ್ಟ ಶುಂಠಿ, ಈರುಳ್ಳಿ, ಚಕ್ಕೆ, ಚಕ್ರಮೊಗ್ಗು ಹಾಕಿ ಸಾರು ಮಾಡಿದರು. ಅದರೊಳಗಿನ ಎಳೆ ನಮ್ಮ ಒತ್ತು ಶಾವಿಗೆಯಂತೆ ದುಂಡಗಿನದಲ್ಲ. ಅಕ್ಕಿಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿದ್ದು. ನೀರುದೋಸೆಯನ್ನು ಉದ್ದಕ್ಕೆ ಸೀಳಿದಂತೆ. ಕೂಲಿಕಾರರೂ ಗುಮಾಸ್ತರೂ ಗಿರಾಕಿಗಳು. ಮಾರುವವನ ಹೆಗಲ ಮೇಲಿನ ಅಡ್ಡೆಯ ಒಂದು ತುದಿಯಲ್ಲಿ ಒಲೆಯ ಸಮೇತ ಸಾರು, ಇನ್ನೊಂದು ತುದಿಯಲ್ಲಿ ಬಟ್ಟಲು, ಎಳೆ, ಮಾಂಸ.

ಹೆಸರಿನ ಬಗ್ಗೆ ಎರಡು ವಾದಗಳಿವೆ. ಬೆಂಕಿ ಎಂಬರ್ಥದ ಫ್ರೆಂಚ್ ಮಾತು ‘ಫ’ದಿಂದ, ಅಂದರೆ ‘ಪೊತೊಫ’ ಎಂಬ ಅವರ ಮಾಂಸದ ಸಾರಿನ ಹೆಸರಿನಿಂದ ಬಂದದ್ದು ಎನ್ನುವುದು ಒಂದು. 1931ರ ವಿಯೆಟ್ನಾಮಿ ನಿಘಂಟು ಮಾತ್ರ ಅದನ್ನು ‘ಫನ್’ ಎಂಬ ಪದಕ್ಕೆ ಜೋಡಿಸಿತು. ಅದು ಅಕ್ಕಿಯ ಎಳೆಗೆ ಚೀನೀಯರು ಹೇಳುತ್ತಿದ್ದ ಮಾತು. ವಾದ ಇನ್ನೂ ಮುಗಿದಿಲ್ಲ. ಆದರೆ ಎರಡು ಪಕ್ಷದವರೂ ಒಪ್ಪುವ ಒಂದು ಸಂಗತಿಯಿದೆ: ಇವತ್ತು ವಿಯೆಟ್ನಾಂನ ಗುರುತು ಎನ್ನಿಸಿಕೊಂಡ ತಿನಿಸಿನ ಹೆಸರಿಗೆ ಹೊರಗಿನವರ ನಂಟಿದೆ.

1954ರಲ್ಲಿ ಜಿನೀವಾ ಒಪ್ಪಂದ ದೇಶವನ್ನು ಎರಡು ಮಾಡಿತು. ಎಂಟು ಲಕ್ಷಕ್ಕೂ ಹೆಚ್ಚು ಜನ ಉತ್ತರ ಬಿಟ್ಟು ದಕ್ಷಿಣಕ್ಕೆ ಹೋದರು, ಅವರ ಜತೆ ಫೊ ಕೂಡ. ಸೈಗಾನ್‌ನಲ್ಲಿ ಅದು ಮೊದಲೇ ಅಲ್ಪಸ್ವಲ್ಪ ಇತ್ತು, ಈಗ ಬೀದಿ ಬೀದಿಗೂ ಬಂತು. ಮೆಕಾಂಗ್ ನದಿಯ ಬಯಲಿನಲ್ಲಿ ಸೊಪ್ಪಿಗೆ ಬರವಿಲ್ಲ. ಅಲ್ಲಿಯವರ ನಾಲಿಗೆಗೆ ಚೂರು ಸಿಹಿಯೂ ಬೇಕು. ಸಾರಿಗೆ ಸಕ್ಕರೆ ಬಿತ್ತು, ಪಕ್ಕದಲ್ಲಿ ತಟ್ಟೆ ಬಂತು. ಇದು ಫೊ ಕೆಡಿಸುವ ಕೆಲಸ ಎಂದು ಉತ್ತರದವರು ಗೊಣಗುವುದು ಇವತ್ತಿಗೂ ನಿಂತಿಲ್ಲ.

ಅತ್ತ ಉತ್ತರದಲ್ಲಿ ಅಂಗಡಿಗಳು ಸರ್ಕಾರದ ಕೈಗೆ ಹೋದವು. 1957ರಲ್ಲಿ ಲೇಖಕ ನುಯೆನ್ ತ್ವಾನ್ ಫೊ ಬಗ್ಗೆ ಅಕ್ಕರೆಯಿಂದ ಬರೆದ ಪ್ರಬಂಧ ಟೀಕೆಗೆ ಗುರಿಯಾಯಿತು. ಯುದ್ಧ ಜೋರಾದಾಗ ಮಾಂಸ ಸಿಗದೆ, ಬರೀ ಸಾರು ಮತ್ತು ಎಳೆಯ ಬಟ್ಟಲು ಬರತೊಡಗಿತು. ಆಗ ಹನೋಯ್ ಮೇಲೆ ಅಮೆರಿಕದ ಚಾಲಕರಿಲ್ಲದ ಬೇಹುಗಾರಿಕೆ ವಿಮಾನಗಳು ಹಾರುತ್ತಿದ್ದವು. ಜನ ಆ ಬಟ್ಟಲಿಗೆ ‘ಚಾಲಕನಿಲ್ಲದ ಫೊ’ ಎಂದು ಹೆಸರಿಟ್ಟರು.

ಸೈಗಾನ್‌ನಲ್ಲಿ ‘ಫೊ ಬಿನ್’ ಎಂಬ ಅಂಗಡಿಯಿತ್ತು. ಬಿನ್ ಎಂದರೆ ಶಾಂತಿ. ಕೆಳಗೆ ಅಮೆರಿಕನ್ ಸೈನಿಕರು ಕೂತು ಫೊ ಉಣ್ಣುತ್ತಿದ್ದರೆ, 1968ರ ತೆತ್ ಹಬ್ಬದ ಹೊತ್ತಿಗೆ ನಗರದ ಮೇಲೆ ನಡೆದ ದಾಳಿಯ ಯೋಜನೆ ಮಹಡಿಯಲ್ಲಿ ತಯಾರಾಗುತ್ತಿತ್ತು. ಅಂಗಡಿಯ ಮಾಲೀಕ ನ್ಗೊ ತ್ವಾಯ್ ದಾಳಿಕೋರರ ಕಡೆಯವರು. ಸೆರೆಸಿಕ್ಕಿ ಜೈಲು ಕಂಡರು. ಯುದ್ಧ ಮುಗಿದು ದಶಕಗಳಾದ ಮೇಲೂ ಅಲ್ಲಿ ಫೊ ಸಿಗುತ್ತಿತ್ತು.

ಫೊ ಜತೆಯಲ್ಲದಿದ್ದರೂ ಸೈಗಾನ್ ಅಡುಗೆಯ ಒಂದು ಎಳೆ ನಮ್ಮ ಕಡೆಗೂ ಬಂದಿದೆ. ಫ್ರೆಂಚ್ ಆಡಳಿತದಲ್ಲಿ ಪುದುಚೇರಿಯ ಎಷ್ಟೋ ಜನ ಇಂಡೋಚೀನಾದಲ್ಲಿ ಸೈನಿಕರಾಗಿ, ಸರ್ಕಾರಿ ನೌಕರರಾಗಿ ದುಡಿದರು. ಲೇವಾದೇವಿ ಚೆಟ್ಟಿಯಾರರದಾಗಿತ್ತು. ಸೈಗಾನ್‌ನ ಮಾರಿಯಮ್ಮನ್ ಗುಡಿ ಈಗಲೂ ಇದೆ. ಫ್ರೆಂಚರ ಆಳ್ವಿಕೆ ಮುಗಿದಾಗ ಕೆಲವರು ವಿಯೆಟ್ನಾಮಿ ಹೆಂಡಂದಿರೊಡನೆ ಪುದುಚೇರಿಗೆ ಮರಳಿದರು. ಆ ಮನೆಗಳಲ್ಲಿ ಉಳಿದುಕೊಂಡ ಕರಿದ ಸುರುಳಿಗೆ ಉತ್ತರದವರು ‘ನೆಮ್’ ಎನ್ನುತ್ತಾರೆ, ಸೈಗಾನ್ ಕಡೆಯವರು ‘ಚಾ ಯೋ’ ಎನ್ನುತ್ತಾರೆ. ಪುದುಚೇರಿಗೆ ಬಂದದ್ದು ಸೈಗಾನ್ ಕಡೆಯ ಮಾತು.

1975ರ ಏಪ್ರಿಲ್ 30ರಂದು ಸೈಗಾನ್ ಉತ್ತರದ ಕೈಸೇರಿತು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಜನ ಸಿಕ್ಕ ದೋಣಿ, ಹಡಗು ಹತ್ತಿದರು. ಸಮುದ್ರದಲ್ಲೇ ಸತ್ತವರು ಅನೇಕರು. 1978ರ ಡಿಸೆಂಬರಿನಲ್ಲಿ ‘ಹ್ವೇ ಫಾಂಗ್’ ಎಂಬ ಸರಕುಹಡಗು ಮೂರು ಸಾವಿರಕ್ಕೂ ಹೆಚ್ಚು ನಿರಾಶ್ರಿತರೊಡನೆ ಹಾಂಗ್‌ಕಾಂಗ್ ಬಳಿ ಬಂದು ನಿಂತಿತು. ಅದರಲ್ಲಿದ್ದ ಡೇವಿಡ್ ಟ್ರಾನ್ ಅಮೆರಿಕ ತಲುಪಿ, 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೆಣಸಿನ ಸಾಸ್ ಮಾಡತೊಡಗಿದರು. ತಮ್ಮವರು ಫೊಗೆ ಬೆರೆಸಿಕೊಳ್ಳಲಿ ಎಂಬುದು ಅವರ ಉದ್ದೇಶ. ಕಂಪನಿಗೆ ಆ ಹಡಗಿನ ಹೆಸರನ್ನೇ ಇಟ್ಟರು. ಹಸಿರು ಮುಚ್ಚಳದ ಕೆಂಪು ಬಾಟಲಿ ಅದೇ.

ವಲಸೆ ಹೋದವರು ತೆರೆದ ಅಂಗಡಿಗಳ ಹೆಸರಿನಲ್ಲಿ ಹಲವು ಸಲ ಒಂದು ಸಂಖ್ಯೆ ಇರುತ್ತದೆ: ಫೊ 54, ಫೊ 75. ಊರು ಬಿಟ್ಟ ವರ್ಷವನ್ನೇ ಬೋರ್ಡಿಗೆ ಹಾಕಿಕೊಂಡವರು ಅವರು. ಏಪ್ರಿಲ್ 30 ವಿಯೆಟ್ನಾಂನಲ್ಲಿ ಸರ್ಕಾರಿ ರಜೆ, ದೇಶ ಒಂದಾದ ದಿನವೆಂದು ಹಬ್ಬ. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಊರಿನಲ್ಲಿ ನೆಲೆಸಿದ ನಿರಾಶ್ರಿತರಿಗೆ ಅದು ‘ಕಪ್ಪು ಏಪ್ರಿಲ್’, ಶೋಕದ ದಿನ. ಆವತ್ತೂ ಎರಡೂ ಕಡೆ ಬೆಳಿಗ್ಗೆಯೇ ಫೊ ಅಂಗಡಿಗಳ ಬಾಗಿಲು ತೆರೆದಿರುತ್ತದೆ, ಇರುಳೆಲ್ಲ ಕುದಿದ ಮೂಳೆಯ ಸಾರು ಸಿದ್ಧವಿರುತ್ತದೆ.