ಹೆಸರಿಗೂ ಒಂದು ಕೈಫಿಯತ್ತು

ಹೊಲವೊಂದನ್ನು ಕೊಳ್ಳುವ ಮುನ್ನ ತಾವು ಏನು ಮಾಡುತ್ತೀರಿ? ಪಹಣಿ ತೆಗೆಸುತ್ತೀರಿ, ಖಾತೆ ಯಾರಿಂದ ಯಾರಿಗೆ ಬಂತೆಂದು ನೋಡುತ್ತೀರಿ, ಸಬ್ ರಿಜಿಸ್ಟ್ರಾರರ ಕಚೇರಿಯಿಂದ ಋಣಭಾರ ಪತ್ರ ತರಿಸುತ್ತೀರಿ. ಅಷ್ಟಾದರೂ ಮನಸ್ಸು ಒಪ್ಪದೆ ಊರ ಹಿರಿಯರೊಬ್ಬರನ್ನು ಕೇಳುತ್ತೀರಿ. ನಮ್ಮ ಯಲ್ಲದಕೆರೆಯ ಕಡೆ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಜಾಲತಾಣಕ್ಕೆಂದು ಒಂದು ಹೆಸರನ್ನು, ಎಂದರೆ ಡೊಮೈನ್ ಎಂದು ಕರೆಯುವ ವಿಳಾಸವನ್ನು, ಕೊಳ್ಳಹೊರಟಾಗ ಈ ಎಚ್ಚರವೆಲ್ಲ ಎಲ್ಲಿ ಅಡಗುತ್ತದೆಯೋ ಕಾಣೆ!

ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಶಾಲೆಯ ಪುಸ್ತಕಭಂಡಾರಕ್ಕೆಂದು ಹಣ ಕೂಡಿಸಿ, ಜೊತೆಗೆ ಒಂದು ಜಾಲತಾಣವನ್ನೂ ತೆರೆಯಬೇಕೆಂದಿದ್ದರು. ಅಷ್ಟರಲ್ಲಿ ದಲಾಲಿಯೊಬ್ಬನು ನಮ್ಮ ಸೀಮೆಯ ಹೆಸರುಳ್ಳ, ‘.ಇನ್’ ಎಂದು ಕೊನೆಗೊಳ್ಳುವ ವಿಳಾಸವೊಂದನ್ನು ಮುಂದಿಟ್ಟನು. “1999ರಿಂದ ಇರುವ ಹೆಸರು, ಒಬ್ಬರೇ ಯಜಮಾನರು, ಅರುವತ್ತು ಸಾವಿರ ಕೊಡಿ” ಎಂದನು. ಹುಡುಗರು ಮರುಳಾದರು. “ಮೇಷ್ಟ್ರೇ, ಹಳೆಯ ಹೆಸರಿಗೆ ಬೆಲೆ ಜಾಸ್ತಿಯಂತೆ” ಎಂದು ನನ್ನಲ್ಲಿಗೆ ಬಂದರು. ಅವರು ಕೊಡಹೊರಟಿದ್ದುದು ಮಕ್ಕಳ ಪುಸ್ತಕದ ಹಣ.

ನನಗೆ ಆಗ ಶಿವಮೊಗ್ಗ ಜಿಲ್ಲೆಯ ಗೌಜ ಅಗ್ರಹಾರದ ತಾಮ್ರಶಾಸನ ನೆನಪಿಗೆ ಬಂತು. ಪಾಂಡವರ ವಂಶದ ಜನಮೇಜಯ ಚಕ್ರವರ್ತಿಯು ಸರ್ಪಯಾಗದ ಕಾಲದಲ್ಲಿ ಕೊಟ್ಟ ದತ್ತಿಯಿದು ಎಂದು ಆ ಶಾಸನವೇ ಹೇಳಿಕೊಳ್ಳುತ್ತದೆ. ಇನ್ನೇನು ಬೇಕು, ಐದು ಸಾವಿರ ವರ್ಷದ ಹಕ್ಕು! ಆದರೆ ಬರೆದವನು ಸೂರ್ಯಗ್ರಹಣವೊಂದನ್ನೂ ಅದರಲ್ಲಿ ಸೇರಿಸಿಬಿಟ್ಟಿದ್ದನು. ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಸರ್ ಜಾರ್ಜ್ ಏರಿಯವರು ಗಣಿತ ಮಾಡಿ, ಆ ಗ್ರಹಣ 1521ರ ಏಪ್ರಿಲ್ 7ರದೆಂದು ತೋರಿಸಿದರು. ತಾಮ್ರಪಟವು ತನ್ನ ವಯಸ್ಸನ್ನು ತಾನೇ ಹೇಳಿದರೆ ಸಾಲದು. ಹೊರಗಿನ ಸಾಕ್ಷಿ ಬೇಕು.

ಜಾಲದ ಹೆಸರುಗಳಿಗೂ ಅಂಥ ಸಾಕ್ಷಿ ಉಂಟು. 1982ರಿಂದ ನಡೆದುಬಂದ ‘ಹೂಈಸ್’ ಎಂಬ ವಿಚಾರಣಾ ಪದ್ಧತಿ ಮೊದಲನೆಯದು. (ಹೂವಿಗೂ ಇದಕ್ಕೂ ಸಂಬಂಧವಿಲ್ಲ; ‘ಯಾರಿವರು’ ಎಂದಷ್ಟೇ ಅರ್ಥ.) ಹೆಸರನ್ನು ಕೊಟ್ಟು ಕೇಳಿದರೆ ಅದು ದಾಖಲಾದ ದಿನ, ಕೊನೆಯ ತಿದ್ದುಪಡಿಯ ದಿನ, ಅವಧಿ ತೀರುವ ದಿನ, ದಾಖಲಿಸಿದ ಸಂಸ್ಥೆ ಇವು ಬರುತ್ತವೆ. ‘.ಕಾಂ’ ಮೊದಲಾದವುಗಳಿಗೆ 2025ರ ಜನವರಿಯಿಂದ ಈ ಕೆಲಸ ‘ಆರ್‌ಡಿಎಪಿ’ ಎಂಬ ಹೊಸ ಪದ್ಧತಿಗೆ ವರ್ಗವಾಗಿದೆ. ಹಿಂದೆ ಯಜಮಾನರ ಹೆಸರೂ ಸಿಗುತ್ತಿತ್ತು. 2018ರಲ್ಲಿ ಯೂರೋಪಿನ ಖಾಸಗಿ ಮಾಹಿತಿಯ ಕಾಯಿದೆ ಜಾರಿಯಾದ ಮೇಲೆ ಬಹುಪಾಲು ಮುಚ್ಚಿಹೋಯಿತು.

ನಾವು ನೋಡಿದಾಗ ಆ ಹೆಸರು ದಾಖಲಾದದ್ದು 2006ರಲ್ಲಿ. ನೋಡುವ ಮೊದಲೇ ನನಗೆ ಸಂಶಯವಿತ್ತು. ‘.ಇನ್’ ಹುಟ್ಟಿದ್ದು 1989ರಲ್ಲಾದರೂ ಅದು ಸರ್ವರಿಗೂ ಮುಕ್ತವಾದದ್ದು 2005ರ ಆರಂಭದಲ್ಲಿ. ಅದಕ್ಕೆ ಮುಂಚೆ ದೇಶದಲ್ಲೆಲ್ಲ ಸುಮಾರು 7,000 ಹೆಸರುಗಳು ಮಾತ್ರ ಇದ್ದವು.

“ಹೋಗಲಿ ಮೇಷ್ಟ್ರೇ, 2006 ಅಂದರೂ ಹಳೆಯದೇ” ಎಂದನೊಬ್ಬ. ಇಲ್ಲಿಯೇ ಜನ ಎಡವುವುದು. ಹೆಸರಿನ ಬಾಡಿಗೆ ಕಟ್ಟದೆ ಬಿಟ್ಟರೆ ಕೆಲವು ವಾರಗಳ ಗಡುವಿನ ಅನಂತರ ಅದು ಪಟ್ಟಿಯಿಂದ ಅಳಿಯುತ್ತದೆ. ಮುಂದೆ ಕೊಂಡವನಿಗೆ ಹೊಸ ದಿನಾಂಕ ಬೀಳುತ್ತದೆ. ಆದುದರಿಂದ ಹೊಸ ದಿನಾಂಕದ ಹಿಂದೆ ಹಳೆಯ ಬಾಳು ಅಡಗಿರಬಹುದು. ಅಳಿಯುವ ಮುನ್ನವೇ ಹರಾಜಾದರೆ, ಅಥವಾ ಕೈಯಿಂದ ಕೈಗೆ ಮಾರಿದರೆ, ಹಳೆಯ ದಿನಾಂಕವೇ ಉಳಿಯುತ್ತದೆ, ಯಜಮಾನ ಮಾತ್ರ ಬೇರೆ. ಪಹಣಿಯಲ್ಲಿ ಸರ್ವೆ ನಂಬರು ಹಾಗೆಯೇ ಇದ್ದು ಖಾತೆದಾರ ಬದಲಾದಂತೆ.

ಹಾಗಾದರೆ ಊರ ಹಿರಿಯರು ಯಾರು? ಅಮೆರಿಕದ ಇಂಟರ್ನೆಟ್ ಆರ್ಕೈವ್. ಈ ಸಂಸ್ಥೆ 1996ರಿಂದ ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತ, 2001ರಲ್ಲಿ ‘ವೇಬ್ಯಾಕ್ ಮಷೀನ್’ ಎಂಬ ಹೆಸರಿನಿಂದ ಅವನ್ನು ಲೋಕಕ್ಕೆ ತೆರೆಯಿತು. ಯು. ಬಿ. ಪವನಜರು ಕನ್ನಡದಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆಯನ್ನು ಆರಂಭಿಸಿದ್ದೂ 1996ರ ಡಿಸೆಂಬರಿನಲ್ಲೇ. ಆದರೆ ಆ ಕಾಲದ ಕನ್ನಡ ಪುಟಗಳ ಪ್ರತಿ ಸಿಕ್ಕರೂ ಹಲವು ಇಂದು ಓದಲಾಗವು. ಯೂನಿಕೋಡ್ ಬಳಕೆಗೆ ಬರುವ ಮೊದಲು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದರು; ಆ ಅಚ್ಚು ಇಲ್ಲದ ಯಂತ್ರದಲ್ಲಿ ಬರಿಯ ಗೊಂದಲದ ಸಾಲುಗಳು ಕಾಣುತ್ತವೆ. ಪೂರ್ವದ ಹಳಗನ್ನಡ ಲಿಪಿಯನ್ನು ಮೊದಲ ಸಲ ಕಂಡ ದಿನ ನನಗಾದ ಗಾಬರಿಯೇ ಮತ್ತೆ ಆಯಿತು.

ನಮ್ಮ ಹೆಸರಿನ ಪುಟಗಳಿಗೆ ಆ ಕಷ್ಟವಿರಲಿಲ್ಲ. 2008ರ ಪ್ರತಿಯಲ್ಲಿ ಯಾವುದೋ ಪ್ರವಾಸ ಸಂಸ್ಥೆ. 2013ರಲ್ಲಿ ‘ಈ ಹೆಸರು ಮಾರಾಟಕ್ಕಿದೆ’ ಎಂಬ ಒಂದೇ ಸಾಲು. 2019ರಲ್ಲಿ, ಹೇಳಲು ನಾಚಿಕೆ, ಇಸ್ಪೀಟು ಜೂಜಿನ ಜಾಹೀರಾತು. ‘ಒಬ್ಬರೇ ಯಜಮಾನರು’ ಎಂಬ ಮಾತು ಅಲ್ಲಿಗೆ ಮುಗಿಯಿತು. ಜೂಜಿನ ತಾಣವೆಂದು ಎಲ್ಲೆಲ್ಲಿ ಗುರುತು ಬಿದ್ದಿದೆಯೋ, ಎಷ್ಟು ಕಚೇರಿಗಳ ಯಂತ್ರಗಳು ಅದನ್ನು ತಡೆಹಿಡಿದಿವೆಯೋ, ಅದೆಲ್ಲ ಕೊಂಡವರ ತಲೆಗೆ ಬರುವ ಋಣ.

ಹುಡುಗರು ದಲಾಲಿಗೆ ಆ ಮೂರು ಪ್ರತಿಗಳನ್ನು ಕಳುಹಿಸಿದರು, ಉತ್ತರ ಬರಲಿಲ್ಲ. ಸಾವಿರ ರೂಪಾಯಿಯೊಳಗೆ ಯಾರೂ ಬಳಸದಿದ್ದ ಬೇರೊಂದು ಹೆಸರನ್ನು ಕೊಂಡು, ಒಬ್ಬ ವ್ಯಕ್ತಿಯ ಹೆಸರಿನಲ್ಲಿಡದೆ ಸಂಘದ ಹೆಸರಿನಲ್ಲಿಯೇ ದಾಖಲಿಸಿದರು. ಬಾಡಿಗೆ ಕಟ್ಟುವ ತಾರೀಖನ್ನು ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಪುಸ್ತಕಗಳ ಮೊದಲ ಗಂಟು ಹಿರಿಯೂರಿನಿಂದ ಬಂದಾಯಿತು.